ಪಂಪ್ ವಿಶ್ರಾಂತಿ ತಗೊಳ್ತಿದೆ

…ಇಲ್ಲ ಇಲ್ಲ, ಕೋಟು ಬಿಚ್ಚಲ್ಲ ಆರ್ವಿ. ಕೂರೋಕೆ ಬಂದೋನಲ್ಲ ನಾನು. ನಿನ್ನ ಹಾರೆಕೋಲು ಕೊಟ್ಟು ಹೋಗೋಣ ಅಂತ ಬಂದೆ, ಅಷ್ಟೆ. ಭಾನುವಾರ ತಗೊಂಡು ಹೋಗಿದ್ನಲ್ಲ, ಸರೋವರದ ಮೇಲೆ ಮೀನಿಗೆ ತೂತು ಕೊರೆಯೋಕೆ ಅಂತ. ಬಾಗಿಲ ಹತ್ತಿರ ಒರಗಿಸಿ ಇಟ್ಟಿದ್ದೀನಿ. ನೋಡೋದೇನೂ ಬೇಡ, ಒರೆಸೇ ತಂದಿದ್ದೀನಿ.

ಸರಿಯಪ್ಪ, ಕುರ್ಚಿ ಎಳೆದೇ ಬಿಟ್ಟೆಯಲ್ಲ ನೀನು. ಐದು ನಿಮಿಷ. ಕಿಟಕಿ ಹತ್ತಿರ ಬೇಡ… ಒಲೆ ಕಟ್ಟೆ ಮೇಲೆ ಕೂತ್ಕೋತೀನಿ. ಚಳಿಗಲ್ಲ. ಬೆನ್ನು ಕಣಯ್ಯ, ಎಪ್ಪತ್ತೆರಡು ವರ್ಷದ ಬೆನ್ನು, ಬಿಸಿ ಕಂಡ್ರೆ ಅದೇ ಹೋಗಿ ಒರಗುತ್ತೆ. ಅಬ್ಬ…

ಯಾಕೆ ಹಾಗೆ ನೋಡ್ತೀಯ? ಶಾಲಾ? ಹೌದು, ಲೆಂಪಿದು. ಹೆಂಡ್ತಿ ಊರಲ್ಲಿಲ್ಲದಾಗ ಗಂಡ ಅವಳ ಶಾಲು ಹೊದ್ಕೊಂಡ್ರೆ ತಪ್ಪೇನು? ಪ್ರೀತಿ ಅಂತಾರೆ ಅದಕ್ಕೆ. ಪ್ಯಾಂಟಾ? ಎರಡು. ಹೊರಗೆ ಮೈನಸ್ ಮೂವತ್ತೊಂದು ಇದೆ. ನಿನ್ನ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಇನ್ನೂರು ಹೆಜ್ಜೆ ದಾರಿ. ಅಷ್ಟು ದೂರಕ್ಕೆ ಎರಡು ಪ್ಯಾಂಟು ಏನೂ ಹೆಚ್ಚಲ್ಲ.

ನೀನು ಇವತ್ತು ತೀರಾ ಬಾಯಿ ಹೊಲ್ಕೊಂಡು ಕೂತಿದ್ದೀಯ. ನೀವು ಹಾಮೆ ಸೀಮೆಯೋರು ಹಾಗೇ ಅಂತ ಗೊತ್ತು. ನಮ್ಮ ಸಾವೊ ಸೀಮೇಲಿ ನಲವತ್ತು ವರ್ಷ ಇದ್ದೂ ಮಾತು ಕಲೀಲಿಲ್ಲ ನೀನು. ಆದ್ರೂ ಮೊದಲೆಲ್ಲ ‘ಹೂಂ’ ಅನ್ನೋ ಅಷ್ಟಾದ್ರೂ ಇತ್ತು. ಈ ವಾರ ಅದೂ ಇಲ್ಲ. ಸೋಮವಾರ ತಟ್ಟೆ ವಾಪಸ್ ಕೊಡೋಕೆ ಬಂದೆ, ನೀನು ಮಾತಾಡಲಿಲ್ಲ. ಮಂಗಳವಾರ ಪೇಪರ್ ಓದೋಕೆ ಬಂದೆ, ಮಾತಾಡಲಿಲ್ಲ. ನಿನ್ನೆ ನಿನ್ನ ನಾಯಿ ಹೇಗಿದೆ ನೋಡೋಣ ಅಂತ ಬಂದೆ… ಹೌದು ಮಾರಾಯ, ಅದು ಸತ್ತು ಎರಡು ವರ್ಷ ಆಯ್ತು ಅಂತ ಬಾಗಿಲಿಗೆ ಬಂದ ಮೇಲೆ ನೆನಪಾಯ್ತು. ಅದಕ್ಕೂ ನೀನು ಏನೂ ಅನ್ನಲಿಲ್ಲ. ಕಾಫಿ ಬಗ್ಗಿಸಿದೆ, ಅಷ್ಟೆ.

ಇವತ್ತೇನು, ಏಲಕ್ಕಿ ಬನ್ನೂ ಮಾಡಿದ್ದೀಯ. ಕಾಫಿ ಕಪ್ಪು ಮೂರು ಇಟ್ಟಿದ್ದೀಯ. ಅದೂ ನೀಲಿ ಹೂವಿನ ಕಪ್ಪು, ನಿನ್ನ ಹೆಂಡ್ತಿ ಇದ್ದಾಗಿಂದು. ಯಾರಾದ್ರೂ ಬರ್ತಾರಾ? ಬೇಡ, ಹೇಳಬೇಡ. ನಿನ್ನ ಮನೆ, ನಿನ್ನ ಕಪ್ಪು.

ನಮ್ಮನೆಯಾ? ನಮ್ಮನೆ ಬೆಚ್ಚಗಿದೆ. ಇಪ್ಪತ್ತೊಂದು. ಯಾವಾಗಲೂ ಇಪ್ಪತ್ತೊಂದೇ ಡಿಗ್ರಿ. ಬೆಳಿಗ್ಗೆಯಿಂದ ಪಂಪಿನ ಹೊರಗಿನ ಪೆಟ್ಟಿಗೆ ಸದ್ದು ಕೇಳ್ತಿಲ್ಲ ಅಂತೀಯಾ? ಅಂತಿಲ್ಲ. ಆದ್ರೆ ಕಣ್ಣಲ್ಲಿ ಅಂತಿದ್ದೀಯ. ಅದು ಹೊರಗಿನ ಗಾಳಿಯಿಂದ ಬಿಸಿ ಎಳ್ಕೊಂಡು ಮನೆ ಕಾಯಿಸೋ ಹೊಸ ಕಾಲದ ಪಂಪ್ ಕಣಯ್ಯ. ಅದು ನಿನ್ನ ಟ್ರ್ಯಾಕ್ಟರ್ ಥರ ಗುಡುಗುಟ್ಟಬೇಕಾ? ವಿಶ್ರಾಂತಿ ತಗೊಳ್ತಿದೆ. ಬುದ್ಧಿ ಇರೋ ಯಂತ್ರ, ಯಾವಾಗ ದುಡಿಯಬೇಕು ಯಾವಾಗ ಸುಮ್ಮನಿರಬೇಕು ಅಂತ ಅದಕ್ಕೇ ಗೊತ್ತು. ನಾಲ್ಕು ದಿನ ವಿಶ್ರಾಂತಿ ತಗೊಂಡ್ರೆ ಏನಾಯ್ತು?

ನಾಲ್ಕು ಅಂದ್ನಾ? ಮಾತಿಗೆ ಅಂದೆ.

ಲೆಂಪಿ ಆರಾಮಾಗಿದ್ದಾಳೆ. ಮಂಡಿ ಆಪರೇಷನ್ ಚೆನ್ನಾಗಾಯ್ತಂತೆ. ಕುಓಪಿಯೋ ಆಸ್ಪತ್ರೇಲಿ ಮೂರು ವಾರದಿಂದ ದಿನಾ ನಡೆಸ್ತಿದ್ದಾರೆ, ಕೋಲು ಹಿಡಿದು. ಡಾಕ್ಟ್ರು ಒಂದೇ ಮಾತು ಹೇಳಿದ್ದಾರೆ, ಮನೇಲಿ ಥಂಡಿ ತಾಗಿಸಬೇಡಿ, ಜಾರೋ ನೆಲ ಬೇಡ, ಮಂಡಿ ಬಿಗಿದುಕೊಂಡ್ರೆ ಮಾಡಿದ್ದೆಲ್ಲ ದಂಡ ಅಂತ. ಬರೋದು ಮುಂದಿನ ವಾರ. ಹೂಂ, ಮುಂದಿನ ವಾರ. ದಿನಾ ಸಂಜೆ ಫೋನ್ ಮಾಡ್ತಾಳೆ. ‘ಮನೆ ಹೇಗಿದೆ ಟಾವೆಟ್ಟಿ?’ ‘ಇಪ್ಪತ್ತೊಂದು.’ ‘ಒಳ್ಳೇದು.’ ಅಷ್ಟೇ ಮಾತು. ಅವಳ ಫೋನಲ್ಲೂ ಪಂಪಿನ ಆ್ಯಪ್ ನಾನೇ ಹಾಕಿಕೊಟ್ಟಿದ್ದೀನಿ, ಲೋಕದ ಯಾವ ಮೂಲೇಲಿ ಕೂತ್ರೂ ಮನೆ ಎಷ್ಟು ಬಿಸಿ ಇದೆ ಅಂತ ನೋಡಬಹುದು. ಅವಳೆಲ್ಲಿ ನೋಡ್ತಾಳೆ. ಅವಳಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ. ಅವಳಿಗೆ ಬೇಕಿದ್ದಿದ್ದು ಒಲೆ.

ಒಲೆ ಅಂದ್ರೆ… ನೀನು ಯಾಕೆ ಒಲೆ ಕಡೆ ನೋಡಿದೆ? ನಾನು ಬೇಕಂತ ಇಲ್ಲಿ ಕೂತಿಲ್ಲ. ಗೊತ್ತು, ಇದೇ ಕಲ್ಲು. ನಮ್ಮನೇದೇ. ಎಲ್ಲರೂ ಸೇರಿ ತಾನೇ ಕಿತ್ತಿದ್ದು, ಆರು ವರ್ಷದ ಹಿಂದೆ, ಊರೋರೆಲ್ಲ ಬಂದಿದ್ರಿ. ನಾನು ಸಾಸಿವೆ ಹಾಕಿ ಸಾಸೇಜ್ ಸುಟ್ಟುಕೊಟ್ಟೆ, ನೀನೂ ಎರಡು ತಿಂದೆ. ಪಂಪ್ ಬಂದ ಮೇಲೆ ಮನೆ ಕಾಯಿಸೋಕೆ ಅಂತ ನಡುಮನೇಲಿ ಆನೆ ಹಾಗೆ ಬಳಪದ ಕಲ್ಲಿನ ಒಲೆ ಯಾಕೆ? ಸೌದೆ ಒಡಿ, ಬೂದಿ ತೆಗಿ, ಹೊಗೆ ಕುಡಿ. ಅಜ್ಜನ ಕಾಲದ ಕಥೆ. ಒಲೆ ಜೊತೆ ಚಿಮಣೀನೂ ಇಳಿಸಿ ಸೂರಿಗೆ ತಗಡು ಹೊಡೆಸಿಬಿಟ್ಟೆ. ನೀನು ಕಲ್ಲು ತೋಟದ ಗೋಡೆಗೆ ಆಗುತ್ತೆ ಅಂತ ಟ್ರ್ಯಾಕ್ಟರಲ್ಲಿ ಹೇರಿಕೊಂಡು ಹೋದೆ. ಆಮೇಲೆ ನೋಡಿದ್ರೆ ನಿನ್ನ ಅಡುಗೆಮನೇಲಿ ಎದ್ದು ನಿಂತಿದೆ, ಒಂದು ಕಲ್ಲೂ ಹೆಚ್ಚುಕಡಿಮೆ ಇಲ್ಲದೆ. ಲೆಂಪಿ ಅಪ್ಪ ಎವರ್ಟ್ ಮಾವ ಕೆತ್ತಿದ ಗುರುತು ಕೂಡ ಹಾಗೇ ಇದೆ, ಇಲ್ಲಿ, ನನ್ನ ಬೆನ್ನ ಹಿಂದೆ. ಸಾವಿರದ ಒಂಬೈನೂರ ಮೂವತ್ತೆಂಟು. ಬೆನ್ನಿಗೆ ಒತ್ತುತ್ತೆ ಕೂಡ.

ಲೆಂಪಿ ಅವತ್ತು ಏನೂ ಅನ್ನಲಿಲ್ಲ. ಅಂಗಳದಲ್ಲಿ ರಬ್ಬರ್ ಬೂಟು ಹಾಕ್ಕೊಂಡು ನಿಂತು ನೋಡಿದ್ಲು. ಏನಾದ್ರೂ ಅಂದಿದ್ರೆ ನಾನು ಕೇಳ್ತಿರಲಿಲ್ಲವಾ? … ನಗಬೇಡ.

ಒಂದು ಮಾತು ಹೇಳ್ತೀನಿ, ನಿನ್ನ ಒಳ್ಳೇದಕ್ಕೆ. ನಾಳೆ ದಿನ ನೀನೂ ಪಂಪ್ ಹಾಕಿಸಿದೆ ಅಂತ ಇಟ್ಕೊ. ಚಳಿಗಾಲದಲ್ಲಿ ಅದು ಕೈಕೊಡ್ತು ಅಂತ ಇಟ್ಕೊ. ನಮ್ಮದಲ್ಲ, ನಿನ್ನದು. ಮೊದಲನೇದು, ಗಾಬರಿ ಆಗಬಾರದು. ಫ್ಯೂಸ್ ನೋಡು. ಒಳಗಿನ ಪೆಟ್ಟಿಗೆ ಜಾಲರಿ ತೆಗೆದು ತೊಳಿ. ನಲ್ಲಿ ಸಣ್ಣಗೆ ಬಿಟ್ಟಿಡು, ಪೈಪು ಹೆಪ್ಪುಗಟ್ಟದ ಹಾಗೆ. ಒಂದೇ ಕೋಣೇಲಿ ಇರು, ಬಾಗಿಲ ಸಂದಿಗೆ ಚಾಪೆ ತುರುಕು. ಇದನ್ನೆಲ್ಲ ನಾನು ಊರಿನ ಸಭಾಮನೇಲಿ ನಿಂತು ಹೇಳಿದ್ದೆ, ನೆನಪಿದೆಯಾ? ‘ಚಳಿಗಾಲದಲ್ಲಿ ಪಂಪ್ ಕೆಟ್ಟರೆ ಏನು ಮಾಡಬೇಕು’, ಭಾಷಣಕಾರ ಟಾವೆಟ್ಟಿ. ಹದಿನೇಳು ಜನ ಇದ್ರು. ನೀನು ಮುಂದಿನ ಸಾಲಲ್ಲಿ ಕೂತು ತೂಕಡಿಸ್ತಿದ್ದೆ.

ಡ್ರಾಯರಲ್ಲಿ ಏನು ಹುಡುಕ್ತಿದ್ದೀಯ? … ಅಯ್ಯೋ, ಇದನ್ನ ಇಟ್ಕೊಂಡಿದ್ದೀಯಾ. ಅವತ್ತು ಹಂಚಿದ ಕಾಗದ, ನನ್ನದೇ ಅಕ್ಷರ. ಬೇಡ, ಓದೋದು ಬೇಡ, ನನಗೆ ಬಾಯಿಪಾಠ ಇದೆ. ಬೆರಳು ತೆಗಿ ಅಲ್ಲಿಂದ. ಸರಿ, ಓದ್ತೀನಿ. ‘ಎರಡು: ಹೊರಗಿನ ಪೆಟ್ಟಿಗೆಯ ಸುತ್ತ ಗಾಳಿಯಾಡಲು ಜಾಗವಿರಲಿ. ಏನನ್ನೂ ಕಟ್ಟಬೇಡಿ.’ ಅದು ಬೇರೆಯೋರಿಗೆ ಬರೆದಿದ್ದು. ಆ ಪೆಟ್ಟಿಗೆ ನೋಡೋಕೆ ಅಸಹ್ಯ ಆಗಿತ್ತು ಆರ್ವಿ. ಮನೆ ಕೆಂಪು, ಕಿಟಕಿ ಅಂಚು ಬಿಳಿ, ನಡುವೆ ಆ ಬೂದಿ ಬಣ್ಣದ ಡಬ್ಬ. ಅದಕ್ಕೆ ಪುಟ್ಟದೊಂದು ಮನೆ ಕಟ್ಟಿದೆ, ನಮ್ಮನೆ ಥರದ್ದೇ. ಕೆಂಪು ಹಲಗೆ, ಬಿಳಿ ಅಂಚು, ಇಳಿಜಾರು ಸೂರು. ಒಂದು ಸುಳ್ಳು ಕಿಟಕಿ, ಅದಕ್ಕೊಂದು ಪರದೆ. ಫೋಟೋ ತೆಗೆದು ತಾಲೂಕು ಪೇಪರಿಗೆ ಕಳಿಸಿದ್ದೆ, ಅವರು ಹಾಕಲಿಲ್ಲ, ಅದು ಬೇರೆ ಮಾತು. ಸ್ವಲ್ಪ ಉಸಿರು ಕಟ್ಟಿತು ಅನ್ಸುತ್ತೆ ಅದಕ್ಕೆ. ಬಿಟ್ಟ ಥಂಡಿ ಗಾಳೀನೇ ಮತ್ತೆ ಎಳ್ಕೊಂಡು, ಮೈ ತುಂಬ ಮಂಜುಗಡ್ಡೆ ಕಟ್ಟಿಬಿಡ್ತು. ಒಳಗಿನ ಫ್ಯಾನಿನ ರೆಕ್ಕೆಯೇ ತಿರುಗದ ಹಾಗೆ.

ಹೌದು. ಮಂಜುಗಡ್ಡೆ ಕಟ್ಟಿತ್ತು. ಕಟ್ಟದೇ ಇರುತ್ತಾ ಈ ಚಳೀಲಿ.

ಮೂರನೇದು ನಾನು ಓದಲ್ಲ.

ಹಾರೆಕೋಲು ಯಾಕೆ ಎತ್ಕೊಂಡೆ? ಇಡಯ್ಯ ಅದನ್ನ. ತುದೀನ ಹೆಬ್ಬೆರಳಲ್ಲಿ ಸವರಿ ನೋಡೋಕೆ ಅದೇನು ಕತ್ತಿಯಾ? ಬೆಳ್ಳಗೆ ಮೆತ್ತಿಕೊಂಡಿದೆಯಾ? ಮೀನಿನ ಪೊರೆ ಇರಬೇಕು. … ಮೀನಿಗೆ ಅಲ್ಯೂಮಿನಿಯಂ ಪೊರೆ ಇರಲ್ಲ, ಗೊತ್ತು. ಗೊತ್ತು ಆರ್ವಿ.

ಕೊಡು ಆ ಕಾಗದ. ‘ಮೂರು: ಯಾವ ಕಾರಣಕ್ಕೂ ಕಬ್ಬಿಣದ ಸಾಮಾನಿನಿಂದ ಮಂಜುಗಡ್ಡೆ ಕುಟ್ಟಬೇಡಿ. ಬೆಚ್ಚಗಿನ ನೀರು ಹುಯ್ಯಿರಿ, ಕಾಯಿರಿ.’ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀನಿ.

ನಾನು ಐವತ್ತು ವರ್ಷದಿಂದ ಸರೋವರದ ಮಂಜು ಒಡೆದೋನು ಕಣಯ್ಯ. ಮೀನುಗಾರರ ಸಂಘದ ಅಧ್ಯಕ್ಷ. ಮಂಜುಗಡ್ಡೆ ಕಂಡ್ರೆ ಕೈ ತಾನೇ ತಾನಾಗಿ ಹಾರೆಗೆ ಹೋಗುತ್ತೆ. ಬೆಚ್ಚಗಿನ ನೀರು ಹುಯ್ದು ಕಾಯ್ತಾ ನಿಂತ್ಕೊಳ್ಳೋದು… ಯಾರಾದ್ರೂ ನೋಡಿದ್ರೆ ಏನಂತಾರೆ? ನಾಲ್ಕು ಏಟು ಸರಿಯಾಗೇ ಬಿತ್ತು. ಐದನೇದಕ್ಕೆ ಒಳಗಿನ ಗ್ಯಾಸ್ ಕೊಳವೆ ತೂತಾಗಿ ‘ಉಸ್’ ಅಂತು. ಹಾವಿನ ಥರ ಅಲ್ಲ, ಬೇಜಾರಾದ ಮನುಷ್ಯ ಉಸಿರು ಬಿಟ್ಟ ಹಾಗೆ, ಉದ್ದಕ್ಕೆ. ನಾನು ಕೈಗವಸು ಇಟ್ಟು ಒತ್ತಿ ಹಿಡಿದೆ, ನಿಂತ್ಕೊಳುತ್ತೇನೋ ಅಂತ. ನಿಲ್ಲಲಿಲ್ಲ. ಆಮೇಲೆ ಏನೂ ಸದ್ದಿಲ್ಲ. ಈ ವಾರವೆಲ್ಲ ನೀನು ಹೇಗಿದ್ದೀಯೋ ಹಾಗೆ.

ಸಾಕಾ? ಹೇಳಿದ್ನಲ್ಲ. ವಿಶ್ರಾಂತಿ ಅಲ್ಲ, ಸತ್ತೇ ಹೋಗಿದೆ. ನಾನೇ ಕೊಂದೆ, ನಿನ್ನ ಹಾರೆಕೋಲಿಂದ.

ಕಂಪನಿಗೆ ಫೋನ್ ಮಾಡಿದೆ. ಒಂದು ಹುಡುಗಿ ದನಿ ಬಹಳ ಮರ್ಯಾದೆಯಿಂದ ‘ನೀವು ಸರತಿಯಲ್ಲಿ ಮೂವತ್ತನಾಲ್ಕನೆಯವರು’ ಅಂತು. ಮೇಲೆ ಸಂಗೀತ ಹಾಕಿತು. ಮೆಕ್ಯಾನಿಕ್ಕು ಬರೋದು ಹನ್ನೊಂದು ದಿನಕ್ಕೆ. ಕರೆಂಟ್ ಹೀಟರ್ ಎರಡಿವೆ, ಎರಡೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹಾರುತ್ತೆ. ಹಬೆ ಸ್ನಾನದ ಸೌನಾ ಕೋಣೆ ಒಂದೇ ಬೆಚ್ಚಗಾಗೋದು. ನಾಲ್ಕು ದಿನದಿಂದ ಅಲ್ಲೇ ಮೇಲಿನ ಹಲಗೆ ಮೇಲೆ ಮಲಗ್ತಿದ್ದೀನಿ, ಒಲೆಗೆ ಹಾಕಿದ ಬ್ರೆಡ್ಡಿನ ಹಾಗೆ ಒಂದು ಕಡೆ ಬೆಂದು. ನಡುಮನೇಲಿ ನಾಲ್ಕು ಡಿಗ್ರಿ. ಲೆಂಪಿ ಜೆರೇನಿಯಂ ಗಿಡ ಎರಡು ಕಪ್ಪಾಗಿವೆ. ಅದಂತೂ ಹೇಗೆ ಹೇಳೋದೋ ಗೊತ್ತಿಲ್ಲ.

ಮುಂದಿನ ವಾರ ಅಂದ್ನಲ್ಲ, ಅದೂ ಸುಳ್ಳು. ಇವತ್ತೇ ಬರ್ತಾಳೆ. ಮೂರು ಗಂಟೆ ಬಸ್ಸಿಗೆ. ಹೊಸ ಮಂಡಿ ಇಟ್ಕೊಂಡು, ಎರಡು ಕೋಲು ಹಿಡ್ಕೊಂಡು, ನಾಲ್ಕು ಡಿಗ್ರಿ ಮನೆಗೆ. ಈಗ ಎಷ್ಟು? ಎರಡೂವರೆ.

ನಾನು ಇಲ್ಲಿಗೆ ಬಂದಿದ್ದು ಹಾರೆಕೋಲು ಕೊಡೋಕಲ್ಲ ಆರ್ವಿ. ಸೋಮವಾರ ತಟ್ಟೆ ಕೊಡೋಕೂ ಅಲ್ಲ. ಒಂದು ಮಾತು ಕೇಳೋಕೆ. ದಿನಾ ದಾರೀಲಿ ಸರಿಮಾಡ್ಕೊಂಡು ಬರ್ತೀನಿ, ಇಲ್ಲಿ ಕೂತ ತಕ್ಷಣ ಪಂಪಿನ ಹೊಗಳಿಕೆ ಶುರುವಾಗಿಬಿಡುತ್ತೆ. ಈ ಕಟ್ಟೆ ಪಕ್ಕದ ಕೋಣೆ… ನಿನಗೆ ತೊಂದರೆ ಇಲ್ಲದಿದ್ರೆ… ಅವಳಿಗೆ ಮಾತ್ರ. ನಾನು ಸೌನಾದಲ್ಲೇ ಇರ್ತೀನಿ.

ಯಾಕೆ ಎದ್ದೆ? ಟೋಪಿ ಯಾಕೆ ಹಾಕ್ಕೊಳ್ತಿದ್ದೀಯ? ಎಲ್ಲಿಗೆ? ಕಾರಿನ ಕೀಲಿ… ಕುರಿ ತುಪ್ಪಳದ ಹೊದಿಕೆ ಯಾಕೆ? ಏನಾದ್ರೂ ಬಾಯಿ ಬಿಡಯ್ಯ.

ಫೋನ್ ಯಾಕೆ ನನ್ನ ಮುಂದೆ ಇಡ್ತೀಯ? ಕನ್ನಡಕ ಇಲ್ಲ ನನ್ನ ಹತ್ತಿರ… ನಿನ್ನದೇ ಕೊಡು. ಲೆಂಪಿದು. ಲೆಂಪಿ ನಿನಗೆ ಬರೆದಿದ್ದು. ಸೋಮವಾರ ಬೆಳಿಗ್ಗೆ.

‘ಆರ್ವಿ, ಗುರುವಾರ ಮೂರು ಗಂಟೆ ಬಸ್ಸಿಗೆ ಬರ್ತೀನಿ. ಫೋನಲ್ಲಿ ನೋಡ್ದೆ, ಮನೇಲಿ ಆರು ಡಿಗ್ರಿ ಇದೆ, ಇಳೀತಾ ಇದೆ. ಟಾವೆಟ್ಟಿ ಇಪ್ಪತ್ತೊಂದು ಅಂತಾನೆ. ಒಲೆ ಪಕ್ಕದ ಕೋಣೇಲಿ ನಮ್ಮಿಬ್ಬರಿಗೂ ಹಾಸಿಗೆ ಹಾಕಿಡು. ಅವನು ಇನ್ನು ದಿನಾ ಏನಾದ್ರೂ ನೆಪ ಹೂಡಿ ಬರ್ತಾನೆ, ಬೆಚ್ಚಗೆ ಕೂರಿಸು, ಕಾಫಿ ಕೊಡು. ನೀನು ಮಾತ್ರ ಬಾಯಿ ಬಿಡಬೇಡ. ಅವನಾಗೇ ಹೇಳಲಿ.’

…

ನಾಲ್ಕು ದಿನ. ದಿನಾ ಸಂಜೆ ‘ಒಳ್ಳೇದು’ ಅಂತಿದ್ಲಲ್ಲ, ಆ ಕಡೆ ಕೈಯಲ್ಲಿ ಆರು ಡಿಗ್ರಿ, ಐದು ಡಿಗ್ರಿ ಹಿಡ್ಕೊಂಡು. ಆ್ಯಪ್ ಹಾಕಿಕೊಟ್ಟೋನು ನಾನೇ.

ನಮ್ಮಿಬ್ಬರಿಗೂ ಅಂತ ಬರೆದಿದ್ದಾಳೆ, ನೋಡಿದೆಯಾ? ಇಬ್ಬರಿಗೂ.

ಬರ್ತೀನಿ, ನಾನೂ ಬರ್ತೀನಿ. ಕೋಟು ಹಾಕ್ಕೊಳ್ಳೋ ಕೆಲಸವೇ ಇಲ್ಲ, ಬಿಚ್ಚೇ ಇಲ್ಲವಲ್ಲ. ಬಸ್‌ಸ್ಟಾಪಿಗೆ ಹತ್ತು ನಿಮಿಷ ಅಲ್ವಾ? ನಿಧಾನಕ್ಕೆ ಓಡಿಸು. ಪಂಪ್ ಹೋಗಿದ್ದು ಅವಳಿಗೆ ಗೊತ್ತು. ಹಾರೆಕೋಲು ಕಥೆ ಹೇಳಿದ್ರೆ ನಗ್ತಾಳೆ, ಮಂಡಿ ಹಿಡ್ಕೊಂಡು ನಗ್ತಾಳೆ. ಆದ್ರೆ ಇನ್ನೊಂದಿದೆ. ಅವತ್ತು ಅಂಗಳದಲ್ಲಿ ಬೂಟು ಹಾಕ್ಕೊಂಡು ನಿಂತಿದ್ಲಲ್ಲ. ‘ನಿಮ್ಮಪ್ಪನ ಒಲೆ ಲೆಂಪಿ, ಕೀಳಲಾ?’ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಅವಳು ಸುಮ್ಮನಿದ್ಲು, ನಾನು ಒಪ್ಪಿಗೆ ಅಂದ್ಕೊಂಡೆ. ಆರು ವರ್ಷ ಆಯ್ತು, ತಪ್ಪಾಯ್ತು ಅಂದಿಲ್ಲ. ಹತ್ತು ನಿಮಿಷ ಸಾಕಾ ಅದಕ್ಕೆ?

ಇರು, ಒಂದು ಕ್ಷಣ. ಹೋಗೋಕೆ ಮುಂಚೆ ಒಲೆಗೆ ಇನ್ನೆರಡು ಸೌದೆ ಹಾಕಿ ಬರ್ತೀನಿ, ಅವಳು ಬರೋ ಹೊತ್ತಿಗೆ ಆರಿಹೋಗಬಾರದು. ನೀನಲ್ಲ, ನಾನು ಹಾಕ್ತೀನಿ. ಈ ಬಾಗಿಲು ಹೇಗೆ ತೆಗೆಯೋದು… ಎಡಕ್ಕೆ ಎತ್ತಿ ತಿರುಗಿಸಬೇಕು ಅಲ್ವಾ? ನೋಡು, ಕೈಗೆ ಇನ್ನೂ ನೆನಪಿದೆ.