ಪಾಲಿಶ್ ಹಚ್ಚಿದ ಗುಂಡು

ಹಲೋ… ಹಲೋ… ಯಾರ್ರಿ ಮಾತಾಡೋದು? ಸಿರುಗುಪ್ಪ ಅಕ್ಕಿ ಗಿರಣಿ ಅಲ್ವಾ?… ಹಾಂ, ನಾನು ಬಳ್ಳಾರಿಯಿಂದ್ರಿ, ಕ್ಲಬ್ಬಿನ ಮಾರ್ಕರ್ ಎರ್ರಿಸ್ವಾಮಿ. ಇಲ್ಲಿ ಗುಂಡು ಉರುಳಿಸೋ ಬೌಲಿಂಗ್ ಆಟದ ಹಲಗಿ ನೋಡ್ಕೊಳ್ಳೋನು. ನಿಮ್ಮ ಗಿರಣಿ ಎದುರಿಗೆ ಪಾಲಿಶ್ ದಸ್ತಗೀರಸಾಬ್ ಅದಾನಲ್ರಿ, ಒಂದೀಟು ಕರೀರಿ. ಟ್ರಂಕ್ ಕಾಲ್ ಐತ್ರಿ, ಬರೇ ಆರು ನಿಮಿಷ…

…

ದಸ್ತಗೀರಣ್ಣ?… ಹಾಂ, ನಾನಾ, ಎರ್ರಿಸ್ವಾಮಿ. ಹಬ್ಬದ ಮಾತು ಆಮ್ಯಾಲ. ಮೊನ್ನಿ ಡಾಕ್ಟರ್ ದೊಡ್ಡಬಸಪ್ಪನೋರ ಮನಿಗೆ ಮೇಜು ಕುರ್ಚಿ ಪಾಲಿಶ್ ಮಾಡಾಕ ಬಂದಿದ್ದಿ, ಅಲ್ವಾ? ಅಲ್ಲಿ ಒಂದು ಕರೇ ರಬ್ಬರ್ ಗುಂಡು ಕೊಟ್ರಾ ನಿನಗ? ಬೆರಳು ಹಾಕೋ ತೂತಿಂದು?

… ಯಾರು ಕೊಟ್ರು? ಕೊಟ್ರಬಸಮ್ಮಾರಾ? ಡಾಕ್ಟರ್ ಹೆಂಡ್ತಿನಾ? ಆಯುಧ ಪೂಜಿಗೆ ಇಡಾಕ?… ಅಯ್ಯೋ ಶಿವನ! ಸ್ಟೆತಾಸ್ಕೋಪ್ ಪಕ್ಕದಾಗ ಅದನ್ನೂ ಇಟ್ಟು ಇಬತ್ತಿ ಹಚ್ತೀವಿ ಅಂದ್ರಾ… ಇರ್ಲಿ, ಇಬತ್ತಿ ಒರೆಸಿದ್ರ ಹೋಗ್ತೈತಿ. ನೀ ಏನು ಹಚ್ಚಿದಿ, ಅದು ಹೇಳು.

… ಅರಗು? ಸ್ಪಿರಿಟ್‌ನಾಗ ಕರಗಿಸಿ? ಎಷ್ಟು ಸಲ?… ಮೂರು ಸಲ! ಮುಖ ಕಾಣಂಗ ಮಾಡೀನಿ ಅಂತೀಯಲ್ಲ ಮಾರಾಯ. ಕಾಣ್ತೈತಿ, ನಾನೂ ನೋಡ್ಕೊಂಡೆ. ಈಗ ಆ ಮುಖ ಎಲ್ಲಿ ಇಟ್ಕೊಳ್ಳಿ ಹೇಳು.

… ಬೈಯಾಕತ್ತಿಲ್ಲಪ್ಪ. ನಿನ್ನ ಕೆಲಸ ನೀ ಮಾಡಿದಿ. ಕೇಳಿಲ್ಲಿ. ಅದು ಡಾಕ್ಟರ್ ಇಲ್ಲಿ ಆಡೋ ಗುಂಡು. ಅದನ್ನ ಹಲಗಿ ಮ್ಯಾಲ ಉರುಳಿಸಿ, ಆ ತುದಿಗೆ ನಿಂತ ಹತ್ತು ಗೂಟ ಬೀಳಿಸಬೇಕು. ಬರೇ ನೆಟ್ಟಗ ಹೋದ್ರ ಎಲ್ಲಾ ಬೀಳಂಗಿಲ್ಲ. ಕೊನೀಗೆ ಎಡಕ್ಕ ತಿರುಗಿ ಓರಿಯಾಗಿ ನುಗ್ಗಬೇಕು. ತಿರುಗಬೇಕಂದ್ರ ಗುಂಡು ಹಲಗಿ ಹಿಡೀಬೇಕು. ನೀ ಕನ್ನಡಿ ಮಾಡಿದ ಮ್ಯಾಲ ಏನು ಹಿಡೀತೈತಿ? ಜರ್ ಅಂತ ಜಾರಿ ಹೋಗ್ತೈತಿ.

… ಕೈ ತಿರುವಿದ್ರ ತಿರುಗ್ತೈತಿ, ಹೌದು. ಕೈ ಎಲ್ಲೈತಿ? ಹೋದ ವರ್ಷ ಡಾಕ್ಟರ್‌ಗೆ ಲಕ್ವ ಹೊಡೀತಲ್ಲ. ಬಲಗೈ ಮಣಿಕಟ್ಟಿನಾಗ ಕಸುವಾ ಇಲ್ಲ.

… ಹಂಗಾರ ಇಷ್ಟು ದಿನ ಹೆಂಗ ಆಡಿದ್ರು ಅಂತೀಯಾ?… ಯಾರ ಮುಂದೂ ಅನ್ನಬ್ಯಾಡ. ನಾನು ತಿಕ್ಕತಿದ್ದೆ. ಪ್ರತಿ ಶನಿವಾರ, ಅವರು ಬರೋಕಿಂತ ಮುಂಚೆ, ಉಪ್ಪು ಕಾಗದ ಹಾಕಿ ಗುಂಡನ್ನ ಒರಟು ಮಾಡಿ ಇಡ್ತಿದ್ದೆ. ಕೈ ಸೋತಂಗ ಸೋತಂಗ ಇನ್ನಷ್ಟು ಒರಟು ಕಾಗದ. ಬೆರಳು ಒಂದೀಟು ಅಲುಗಿದ್ರ ಸಾಕು, ಗುಂಡು ತಾನಾ ತಿರುಗ್ತಿತ್ತು. "ನೋಡ್ಲೇ ಎರ್ರಿ, ಕೈ ವಾಪಸ್ ಬಂತು" ಅಂತ ನಗೋರು. ನಾನು ಹೂನ್ರಿ ಅಂತಿದ್ದೆ.

… ಇವತ್ತಾ? ದಸಮಿ ಪಂದ್ಯ ಇತ್ತು. ಎಡಕ್ಕ ತಿರುಗ್ತೈತಂತ ಬಲಕ್ಕ ಗುರಿ ಇಟ್ಟು ಐದು ಸಲ ಬಿಟ್ರು, ಐದೂ ತಿರುಗದ ನೆಟ್ಟಗ ಹೋಗಿ ಹಲಗಿ ಪಕ್ಕದ ಕಾಲುವೀಗೆ ಬಿದ್ವು. ಕುರುಗೋಡು ಚಂದ್ರಣ್ಣ ಎದುರು ಆಡ್ತಿದ್ರು. "ಸಾಹೇಬ್ರ, ನಿಮ್ದು ಲೆಕ್ಕಕ್ಕ ಬ್ಯಾಡ ಬಿಡ್ರಿ" ಅಂದ್ರು, ಪಾಪ, ಒಳ್ಳೇ ಮನಸಿಂದಾನ ಅಂದ್ರು. ಅದಾ ಚುಚ್ಚಿತು. ಈಗ ಹೊರಗ ಬೆಂಚಿನ ಮ್ಯಾಲ ಕೈ ನೋಡ್ಕೊಂತ ಕುಂತಾರ. "ನಂದು ಮುಗೀತು, ಗುಂಡು ಯಾರಿಗರ ಕೊಟ್ಟುಬಿಡು" ಅಂತಾರ. ಅದಕ ಓಡಿ ಬಂದು ನಿನಗ ಫೋನ್ ಹಚ್ಚೀನಿ ದಸ್ತಗೀರಣ್ಣ.

… ಸ್ಪಿರಿಟ್ ಬಟ್ಟೀಲೆ ಒರೆಸಿದ್ರ ಅರಗು ಬಿಡ್ತೈತಾ? ರಬ್ಬರ್ ಕೆಡಂಗಿಲ್ಲ, ಅಲ್ವಾ?… ನೆನಿಯಾಕ ಬಿಡಬಾರದು. ಹಾಂ. ಆಮ್ಯಾಲ ಕಾಗದ.

… ಅವರಿಗೆ ಹೇಳಬೇಕಾ? ಹುಚ್ಚು ಹಿಡಿದೈತೇನು ನಿನಗ? ನಿಮ್ಮ ಕೈ ಅಲ್ರಿ, ನನ್ನ ಕಾಗದ ಆಡ್ತಿತ್ತು ಅಂತ ಯಾವ ಬಾಯಿಲೆ ಹೇಳ್ಲಿ? ಹೇಳಿಲ್ಲಂದ್ರ ಇವತ್ತಾ ಆಟ ಬಿಡ್ತಾರ. ಹೇಳಿದ್ರ…

… ತಡಿ. ಒಂದು ನಿಮಿಷ ತಡಿ.

ಡಾಕ್ಟರ್ ಸಾಹೇಬ್ರ… ಯಾವಾಗ ಬಂದ್ರಿ?… ಎಲ್ಲಾ ಕೇಳಿಸ್ಕೊಂಡ್ರಾ?… ತಪ್ಪಾತ್ರಿ. ಮೋಸ ಮಾಡಬೇಕಂತ ಮಾಡ್ಲಿಲ್ರಿ. ನೀವು ನಗ್ತಿದ್ರಲ್ರಿ, ಅದಕ…

… ಏನ್ರಿ? ಕಾಗದನಾ? ಜೇಬಿನಾಗ ಐತ್ರಿ… ಮೊದ್ಲು ಸ್ಪಿರಿಟ್ ಬೇಕ್ರಿ… ಹಾಂ, ನಿಮ್ಮ ಔಷಧದ ಪೆಟಿಗ್ಯಾಗ ಇರ್ತೈತಲ್ಲ, ಮರ್ತಿದ್ದೆ… ಬ್ಯಾಡ್ರಿ, ನಾ ತಿಕ್ತೀನಿ, ನೀವ್ಯಾಕ… ಆತ್ರಿ. ತಗೊಳ್ರಿ. ಎಡಗೈಲೆ ತಿಕ್ರಿ, ಬಲಗೈ ಬರೇ ಗುಂಡು ಹಿಡ್ಕೊಳ್ಳಲಿ…

ಹಲೋ, ದಸ್ತಗೀರಣ್ಣ, ಅದೀಯಾ?… ಬೈಯಲಿಲ್ಲಪ್ಪ. ಒಂದು ಮಾತೂ ಬೈಯಲಿಲ್ಲ. ಪಂಚಿ ಮಡಚಿ ನೆಲದ ಮ್ಯಾಲ ಕುಂತಾರ, ಗುಂಡು ತೊಡಿ ಮ್ಯಾಲ ಇಟ್ಕೊಂಡು ಒರೆಸಾಕತ್ತಾರ… ಏನ್ರಿ ಸಾಹೇಬ್ರ?… ಕೇಳ್ತೀನ್ರಿ, ಲೈನಿನ್ಯಾಗ ಅದಾನ…

ದಸ್ತಗೀರಣ್ಣ, ಈ ಕಾಗದ ಸಾಲಂಗಿಲ್ಲಂತ, ಇದಕ್ಕಿಂತ ಒರಟು ಯಾವ ನಂಬರಿಂದು ಸಿಗ್ತೈತಿ ಕೇಳು ಅಂತಾರ. ಮುಂದಿನ ಶನಿವಾರಕ್ಕಂತ… ಹೂಂ, ಅವರಾ ಕೇಳಾಕತ್ತಾರ! ಯಾವ ನಂಬರು? ಜಲ್ದಿ ಹೇಳು… ಹಲೋ?… ಆಪರೇಟರ್ರಾ? ಕಟ್ ಮಾಡಬ್ಯಾಡ್ರಿ, ಒಂದಾ ಒಂದು ನಂಬರ್ ಕೇಳಬೇಕ್ರಿ… ಹಲೋ… ಹಲೋ…