ಅಂಟಿಕೊಂಡ ಜೋಡಿಗಳು

…ನಿನ್ನ ಈ ಸೋದರಮಾವನ ಗೋದಾಮಿನಲ್ಲಿರೋ ಬೇರಿನ ಪುಡಿ ಪೂರ್ತಿ, ತಿಳೀತಾ? ಒಂದು ಮೂಟೆನೂ ಬಿಡದೆ ಎತ್ಕೊಂಡು ಹೋಗ್ತಾರಂತೆ ಔಷಧಿ ಕಂಪನಿಯವರು! ನನ್ನ ಪುಡಿ ಜೀವಕೋಶ ಇಬ್ಭಾಗ ಆಗೋದನ್ನ ತಡೆಯುತ್ತೆ ಅಂತ ನಿನ್ನ ಲ್ಯಾಬಿನ ಒಂದು ಚಿತ್ರ ತೋರಿಸಿದರೆ ಸಾಕು. ನೀನು ನೋಡಿದರೆ… ಏಯ್, ಏಯ್! ಕಂಪ್ಯೂಟರ್ ಪರದೆಯಿಂದ ಏನದು ಅಳಿಸ್ತಿರೋದು?

ಕಸವಾ? ಒಡೆದ ಕೋಶದ ಚೂರಾದರೆ ತೆಗಿ, ತೆಗಿ. ಕೇರದೆ ಯಾವ ಕಾಳೂ ತೂಗಬಾರದು, ಅಷ್ಟು ನನಗೂ ಗೊತ್ತು.

ಈಗ ನೋಡು ಮತ್ತೆ! ನೀನೇ ಹೇಳಿದ್ದಲ್ವಾ, ಈ ಚಿತ್ರದಲ್ಲಿ ಎಡಗಡೆ ಗುಡ್ಡದ ಕೋಶಗಳಿಗೆ ಒಂದು ಪಾಲು ಡಿಎನ್‌ಎ, ಬಲಗಡೆಯವರು ಎರಡು ಪಾಲು ಮಾಡ್ಕೊಂಡು ಒಡೆಯೋಕೆ ನಿಂತೋರು. ಪುಡಿ ಬಿದ್ದಮೇಲೆ ಬಲಗಡೆ ಗುಡ್ಡ ಹೇಗೆ ಎದ್ದಿದೆ! ಎಲ್ಲಾ ಅಲ್ಲೇ ಸಿಕ್ಕಿಹಾಕ್ಕೊಂಡಿವೆ… ಯಾಕೇ ನಗ್ತೀಯ?

ಏನು, ಜೋಡಿಗಳಾ? ಎರಡು ಕೋಶ ಅಂಟಿಕೊಂಡು ಲೇಸರ್ ಮುಂದೆ ಹಾದರೆ ಯಂತ್ರ ಎರಡು ಪಾಲಿನ ಒಂದೇ ಕೋಶ ಅನ್ಕೊಳ್ಳುತ್ತಾ? ಒಂದು ಟಿಕೆಟ್ಟಿಗೆ ಇಬ್ಬರು! ಜಾಣರು ಬಿಡು. ಅಷ್ಟಕ್ಕೇ ಬೇಲಿ ಎಳೆದು ಹೊರಗೆ ಹಾಕ್ತಾರಾ? ಬೆಳಕು ದಾಟೋಕೆ ಜಾಸ್ತಿ ಹೊತ್ತು ತಗೊಂಡ್ರೆ ಜೋಡಿನೇ ಆಗಬೇಕಾ? ನಿಮ್ಮತ್ತೆ ಬಾಗಿಲು ದಾಟೋಕೆ ಎಷ್ಟು ಹೊತ್ತು ಬೇಕು? ಅವಳೇನು ಇಬ್ಬರಾ?… ಅವಳ ಹತ್ತಿರ ಹೇಳಬೇಡ ಮಾರಾಯ್ತಿ.

ಅಯ್ಯೋ, ಎಳೆದೇಬಿಟ್ಟೆಯಾ ಗೆರೆ! ಗುಡ್ಡ ಕುಸೀತಲ್ಲೇ! ಪುಡಿ ಹಾಕದ ಸೀಸೆಯದ್ದೂ ಹೀಗೇ ಇದೆ… ಹಾಗಾದ್ರೆ ನನ್ನ ಪುಡಿ ಯಾರನ್ನೂ ತಡೆದೇ ಇಲ್ವಾ?

ಹೂಂ, ಕಾಣುತ್ತೆ. ಆ ಸೀಸೆಯಲ್ಲಿ ಜೋಡಿಗಳು ಅಲ್ಲೊಂದು ಇಲ್ಲೊಂದು, ಪುಡಿ ಹಾಕಿದ್ದರಲ್ಲಿ ಮದುವೆ ಛತ್ರದ ಹಾಗೆ. ಅದಕ್ಕೆ ನನ್ನ ಮುಖ ಯಾಕೆ ನೋಡ್ತೀಯ? ನೀನು ಜಾಲರಿಯಲ್ಲಿ ಸರಿಯಾಗಿ ಸೋಸಿರಲ್ಲ. ಮತ್ತೆ ಮತ್ತೆ ಸೋಸಿದೆಯಾ? ಹಾಗಾದ್ರೆ… ಥಂಡಿ! ನಿನ್ನ ಈ ಏಸಿ ಥಂಡಿಗೆ ಪಾಪ, ತಬ್ಬಿಕೊಂಡಿವೆ.

ಹಾಗೆ ನೋಡಬೇಡ. ಥೇಟ್ ನಿಮ್ಮಮ್ಮ! ನನ್ನಕ್ಕನೂ ಹೀಗೇ, ಬೈಯಲ್ಲ, ಬಡಿಯಲ್ಲ, ಬರೀ ನೋಡ್ತಾಳೆ…

ಸರಿ ಕಣೇ, ಸರಿ! ತೂಕ ಬರಲಿ ಅಂತ ಸ್ವಲ್ಪ ಗೋಂದಿನ ಪುಡಿ ಬೆರೆಸಿದ್ದೆ. ಸ್ವಲ್ಪ ಅಂದರೆ… ಅರ್ಧಕ್ಕರ್ಧ.

ಕೆಕ್ಕರಿಸಬೇಡ, ಲೆಕ್ಕ ಹಾಕೋಣ. ಔಷಧಿ ವ್ಯಾಪಾರ ಹೋಯ್ತು, ಒಪ್ಪಿದೆ. ಜೋಡಿಗಳಿರೋ ಆ ಮೊದಲಿನ ಚಿತ್ರ ಮಾತ್ರ ಅಳಿಸಬೇಡ, ರಟ್ಟಿನ ಡಬ್ಬ ಮಾಡೋನಿಗೆ ತೋರಿಸಬೇಕು. ಕೈಗೆ ಬಂದದ್ದೇನು ಅಂದರೆ, ಕಣ್ಣಿಗೆ ಕಾಣದ ಕೋಶಗಳನ್ನೂ ಬಿಡದೆ ಅಂಟಿಸುತ್ತೆ ಅಂತ ಲ್ಯಾಬಿನಲ್ಲೇ ಸಾಬೀತಾದ ಅಂಟು, ಒಂದು ಗೋದಾಮು!