ಟೈಲರಮ್ಮನ ಹಗ್ಗದ ಮೇಲಿನ ಅಂಗಿ

ಚಳಿಗಾಲದ ರಜೆಗೆ ತಂಗಿಯ ಊರಿಗೆ ಹೊರಟ ಟೈಲರಮ್ಮ, ಬಸ್ಸಿನ ಸಾಲಿನಲ್ಲಿ ನಿಂತೇ ಪಕ್ಕದ ಮನೆಯವಳಿಗೆ ಬೀಗದ ಕೈ ಕೊಟ್ಟಳು. ಟೈಲರಮ್ಮ ಒಂಟಿ ಹೆಂಗಸು, ಮನೆ ಖಾಲಿ ಬಿಡಲು ಅವಳಿಗೆ ಮನಸ್ಸೇ ಇರಲಿಲ್ಲ. ಸಾಲಿನವರ ಕಿವಿಯೆಲ್ಲ ಅತ್ತಲೇ.

“ಹಿಂದಿನ ಬೀದೀಲಿ ಬೀಗ ಒಡೆದ್ರಂತೆ. ಎದೆ ಡವಡವ ಅಂತಿದೆ ಕಣೇ.”

“ಹೆದರಬೇಡಿ ಅಕ್ಕಾ. ದಿನಾ ಸಂಜೆ ದೀಪ ಹಾಕ್ತೀನಿ. ನಮ್ಮೆಜಮಾನ್ರ ಅಂಗಿ ನಿಮ್ಮ ಹಗ್ಗದ ಮೇಲೆ ಒಣಹಾಕ್ತೀನಿ. ಮನೇಲಿ ಗಂಡಸಿದ್ದಾನೆ ಅಂದ್ಕೋತಾನೆ ಕಳ್ಳ.”

“ಅಯ್ಯೋ, ಬೀದಿಯವ್ರು ಏನಂದ್ಕೋತಾರೆ?”

“ಅವ್ರಿಗೆಲ್ಲ ಆಗ್ಲೇ ಹೇಳಿದೀನಿ. ಎದುರುಮನೆಯವ್ರು ಪ್ಯಾಂಟೂ ಕೊಡ್ತಾರಂತೆ!”

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ತಿರುಗಿ ನಿಂತು ಕೂಗಿದಳು:

“ಗುಂಡಿ ಕಿತ್ತಿರೋ ಅಂಗಿ ಮಾತ್ರ ಹಾಕ್ಬೇಡ! ಹೊಲಿಯೋಳ ಮನೆ ಕಣೇ ಅದು!”